ಏನೂ ಇಲ್ಲರಿ ಎಂದದ್ದು

ಕಮಲಾ, ನಿನ್ನ ಸಂಶೋಧನೆ ಹಾಳಾದದ್ದರಲ್ಲಿ ನನ್ನ ಪಾಲಿದೆ. ನಾನು ಸುಳ್ಳು ಹೇಳಿ ಹೊರಬಿದ್ದೆ. ನಾನು ಬಿಟ್ಟ ಜಾಗಕ್ಕೆ ನೀನು ಬಂದೆ.

ಸಂಶೋಧನೆ ಬಿಟ್ಟದ್ದಕ್ಕೆ ನನಗೆ ನಾಚಿಕೆಯಿಲ್ಲ—ಅದನ್ನು ಮೊದಲೇ ಹೇಳಿಬಿಡುತ್ತೇನೆ. ಐವತ್ತರ ದಶಕದಲ್ಲಿ ರೋಣದಿಂದ ಧಾರವಾಡಕ್ಕೆ ಹೋಗಿ ಪಿಎಚ್.ಡಿ.ಗೆ ಕೂತ ಹೆಣ್ಣುಮಗಳು ನಾನು. ಸವಡಿ, ಅಸೂಟಿಯ ಹೊಲಗಳಲ್ಲಿ ಬಿದ್ದ ಕಲ್ಲುಗಳನ್ನು ತೊಳೆದು, ಶಾಸನಗಳ ಅಚ್ಚು ತೆಗೆದು, ಒಂದೊಂದೇ ಅಕ್ಷರ ಕೂಡಿಸಿ ಓದಿದ್ದೆ. ಅದೆಲ್ಲ ನನಗೆ ಮಾರ್ಗದರ್ಶಕರಾಗಿದ್ದ ಗುರುಗಳ ಹೆಸರಿನಲ್ಲಿ ಪುಸ್ತಕವಾಗಿ ಬಂತು. ನನ್ನ ಹೆಸರು—ಮುನ್ನುಡಿಯಲ್ಲೂ ಇರಲಿಲ್ಲ. ಕೇಳಿದ್ದಕ್ಕೆ, ಶಿಷ್ಯರು ಮಾಡಿದ್ದೆಲ್ಲ ಗುರುವಿನದೇ ಎಂದರು. ಮರುದಿನವೇ ಬಿಡುತ್ತೇನೆಂದು ಬರೆದುಕೊಟ್ಟೆ. ಇವತ್ತಾದರೂ ಹಾಗೆಯೇ ಬರೆದುಕೊಡುತ್ತೇನೆ.

ಬಿಟ್ಟುಹೋಗುವವರನ್ನು ವಿಭಾಗದ ಮುಖ್ಯಸ್ಥರು ಕರೆದು ಕಾರಣ ಕೇಳುವ ರೂಢಿಯಿತ್ತು. ಅದಕ್ಕೂ ಮೊದಲು ಗುರುಗಳು ಗ್ರಂಥಾಲಯದ ಮೆಟ್ಟಿಲ ಮೇಲೆ ನನ್ನನ್ನು ತಡೆದರು. ಗಜೇಂದ್ರಗಡದ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿ ಬೇಕಂತೆ, ತಾವು ಹೇಳಿದರೆ ಆ ಕೆಲಸ ನನಗೇ ಅಂತೆ. ಆಮೇಲೆ ಮೆಲ್ಲಗೆ ಅಂದರು: "ಮುಖ್ಯಸ್ಥರು ಕೇಳಿದ್ರ ಮನಿ ಕಡೆ ತೊಂದರಿ ಅಂತ ಹೇಳ್ರಿ, ಸಾಕು."

ಮುಖ್ಯಸ್ಥರು ಬಾಗಿಲು ಮುಚ್ಚಿಸಿ ನನ್ನನ್ನು ಕೂಡಿಸಿದರು. "ತಂಗೀ, ಖರೇ ಹೇಳವಾ. ಗುರುಗಳಿಂದ ಏನರ ತ್ರಾಸ ಆಗೇದೇನು?"

ಹೇಳಬಹುದಿತ್ತು. ಅವರು ಕಾದರು ಕೂಡ—ಕನ್ನಡಕ ತೆಗೆದಿಟ್ಟು, ನನ್ನ ಮುಖವನ್ನೇ ನೋಡುತ್ತ.

"ಏನೂ ಇಲ್ಲರಿ," ಅಂದೆ. "ಮನಿಯಾಗ ತೊಂದರಿ."

ಕೆಲಸ ಸಿಕ್ಕಿತು. ಮುಂದಿನ ಬೇಸಿಗೆಯಲ್ಲಿ ನೀನು ನರೇಗಲ್ಲಿನಿಂದ ನನ್ನನ್ನು ಹುಡುಕಿಕೊಂಡು ಗಜೇಂದ್ರಗಡಕ್ಕೆ ಬಂದೆ. "ಅಕ್ಕಾರ, ನಾ ನಿಮ್ಮ ಗುರುಗಳ ಕಡೆ ಪಿಎಚ್.ಡಿ.ಗೆ ಸೇರ್ಲೇನ್ರಿ?" ಎಂದು ಕೇಳಿದೆ. ಭಾಳ ಚಲೋ ಮನುಷ್ಯರು, ಸೇರು ಎಂದು ನಾನೇ ಹೇಳಿ ಕಳಿಸಿದೆ. ಮುಖ್ಯಸ್ಥರಿಗೆ ಸುಳ್ಳು ಹೇಳಿದ್ದು ನೌಕರಿಗಾಗಿ. ನಿನಗೆ ಯಾಕೆ ಹೇಳಿದೆ? ಮೊದಲನೆಯದು ಬಯಲಾಗಬಾರದೆಂದು—ಅಷ್ಟೇ.

ಕೆಲವು ವರ್ಷಗಳಲ್ಲಿ ನಿನ್ನ ಬರಹವೂ ಅವರ ಪುಸ್ತಕವಾಯಿತು. ನೀನು ಊರಿಗೆ ಮರಳಿದ್ದು ಕೇಳಿ ನಾನು ನೋಡಲು ಬಂದೆ. ನೀನು ಅಕ್ಕಿ ಆರಿಸುತ್ತ ಕೂತಿದ್ದೆ, ತಲೆ ಎತ್ತಲಿಲ್ಲ.

"ನಿಮಗ ಮೊದಲ ಗೊತ್ತಿತ್ತೇನ್ರಿ, ಅಕ್ಕಾರ?"

"ಇಲ್ಲವಾ," ಅಂದೆ.

ಗೊತ್ತಿತ್ತು, ಕಮಲಾ.

ಗುರುಗಳಿಗೆ ಎಂಬತ್ತು ತುಂಬಿತೆಂದು ಬರುವ ವಾರ ಧಾರವಾಡದಲ್ಲಿ ಸನ್ಮಾನವಿದೆ. ಹಳೆಯ ವಿದ್ಯಾರ್ಥಿನಿಯೆಂದು ಗುರುಗಳ ಕುರಿತು ನಾಲ್ಕು ಮಾತು ಆಡಲು ನನ್ನನ್ನು ಕರೆದಿದ್ದಾರೆ. ಈ ವಯಸ್ಸಿನಲ್ಲಿ ಯಾಕೆ ಬೇಕು, ನನ್ನ ಮರ್ಯಾದೆಯೂ ಹೋಗುತ್ತದೆ ಎಂದು ಮನೆಯವರು ಹೇಳಿ ನೋಡಿದರು. ಹೋಗಲಿ. ಆ ಎರಡು ಪುಸ್ತಕಗಳನ್ನು ಬರೆದವರು ಯಾರೆಂದು ಹೇಳುತ್ತೇನೆ. ನಾನು ಯಾವ ನೌಕರಿಗೆ ಬಾಯಿ ಮುಚ್ಚಿದೆ ಎಂಬುದನ್ನೂ ಹೇಳುತ್ತೇನೆ. ನಿನ್ನಲ್ಲಿ ಕ್ಷಮೆ ಕೇಳುವುದಿಲ್ಲ, ಕ್ಷಮಿಸಬೇಕೆಂಬ ಹೊರೆಯನ್ನೂ ನಿನ್ನ ಮೇಲೆ ಹಾಕಲಾರೆ. ನಡುವೆ ಯಾರಾದರೂ ಎದ್ದು ನನ್ನನ್ನು ವೇದಿಕೆಯಿಂದ ಇಳಿಯಲು ಹೇಳಬಹುದು—ಮಾತು ಮುಗಿಸಿಯೇ ಇಳಿಯುತ್ತೇನೆ.