ಮಾವನವರು ದೂರ ಸರಿಸಿದ ಹುಗ್ಗಿ

ಒಂದು ತುತ್ತು ಹುಗ್ಗಿ ಬಾಯಿಗಿಟ್ಟ ಮಾವನವರು ಬಟ್ಟಲನ್ನು ದೂರ ಸರಿಸಿ ನನ್ನತ್ತ ನೋಡಿದರು. “ಯವ್ವಾ, ಇದಕ್ಕ ಹಾಲು ಹಾಕೀಯಲ್ಲ? ನನ್ನ ನೇಮ ಕೆಡಿಸಿದಿ!”

ಅದು ಬ್ರಿಟಿಷರಿದ್ದ ಕಾಲ. ನಾನು ಮದುವೆಯಾಗಿ ಹುಬ್ಬಳ್ಳಿಯ ಕೇಶ್ವಾಪುರಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮನೆಯ ಆಕಳ ಕರು ಸಾಕಷ್ಟು ಹಾಲು ಸಿಗದೆ ಸತ್ತಿತೆಂದು ನೊಂದು ಮಾವನವರು ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟಿದ್ದರು. ಅವರ ಅಡುಗೆ ನನ್ನ ಪಾಲಿಗೆ ಬಂತು. ಶೇಂಗಾ ಹಾಲು ಹಾಕಿ ಕಾಸಿದ ಚಹಾ ಒಡೆದುಹೋಯಿತು. ಅದೇ ಹಾಲಿಗೆ ಹುಣಸೆ ಹಿಂಡಿ ಮೊಸರು ಮಾಡಹೋದರೆ, ಪಕ್ಕದ ಮನೆಯ ಎಮ್ಮೆಯೂ ಮೂಸಿ ಮುಖ ತಿರುಗಿಸಿತು. ಕೊನೆಗೆ ನನ್ನ ತವರಿನ ಕುಸುಬಿ ಕಾಳಿನ ಸಿಹಿ ಹುಗ್ಗಿ ನೆನಪಾಗಿ, ಅಂದು ಅದನ್ನೇ ಮಾಡಿ ಬಡಿಸಿದ್ದೆ. ಈ ಮನೆಯವರಿಗೆ ಕುಸುಬಿಯೆಂದರೆ ಎಣ್ಣೆಯೊಂದೇ ಗೊತ್ತು.

“ಹನಿ ಹಾಲೂ ಮುಟ್ಟಿಸಿಲ್ರಿ ಮಾವಾರ, ಇಲ್ಲೇ ನೋಡ್ರಿ” ಎಂದು, ಮಿಕ್ಕಿದ್ದ ನೆನೆದ ಕುಸುಬಿಯನ್ನು ಒರಳಿಗೆ ಹಾಕಿ ರುಬ್ಬಿ, ಅವರ ಕಣ್ಣೆದುರೇ ಬಟ್ಟೆಯಲ್ಲಿ ಹಿಂಡಿದೆ. ಬೆಳ್ಳನೆಯ ಹಾಲು ಪಾತ್ರೆಗೆ ಇಳಿಯಿತು. ಮಾವನವರು ಬೆರಳದ್ದಿ ನೆಕ್ಕಿದರು. ಜೋರಾಗಿ ನಕ್ಕು ಬಟ್ಟಲನ್ನು ಮತ್ತೆ ಹತ್ತಿರ ಎಳೆದುಕೊಂಡರು. “ತಪ್ಪಾತವ್ವಾ. ಇನ್ನೊಂದೀಟು ಹಾಕು.”

ಅಲ್ಲಿಯವರೆಗೆ ಪ್ರತಿ ಊಟಕ್ಕೂ “ಇದರಾಗ ಏನೈತಿ?” ಎಂದು ಕೇಳುತ್ತಿದ್ದವರು ಆಮೇಲೆ ಕೇಳಲೇ ಇಲ್ಲ. ನಾನು ಬಡಿಸಿದ್ದನ್ನು ಸುಮ್ಮನೆ ಉಂಡರು. ಆ ಮನೆ ನನ್ನದೂ ಹೌದು ಅನಿಸಿದ್ದು ಆಗಲೇ.