ಎಲ್ಲರನ್ನೂ ದೋಸ್ತ ಎಂದ ಇಸ್ತ್ರಿಯವನು

ನಮ್ಮ ಬೀದಿಯ ಇಸ್ತ್ರಿಯವನು ಬಟ್ಟೆಗೆ ಗುರುತು ಹಾಕಿದವನೇ ಅಲ್ಲ. ಕಾಲರ್ ಸವೆದ ಬಗೆ, ಗುಂಡಿ ಹೊಲಿದ ದಾರ ನೋಡಿಯೇ ಯಾರ ಮನೆಯದೆಂದು ಹೇಳುತ್ತಿದ್ದ. ಎದುರಿಗೆ ಕೊಡೆ ಅಂಗಡಿ ಇಟ್ಟುಕೊಂಡ ನನಗೆ ಆ ನೆನಪಿನ ಮೇಲೆ ಹೊಟ್ಟೆಕಿಚ್ಚಿತ್ತು.

ಅಂಥವನು ಇದ್ದಕ್ಕಿದ್ದಂತೆ ಎಲ್ಲರನ್ನೂ ‘ದೋಸ್ತ’ ಎನ್ನತೊಡಗಿದ. ಡಾಕ್ಟರೂ ದೋಸ್ತ, ಹಾಲಿನವಳೂ ದೋಸ್ತ, ದಂಡ ಹಾಕಲು ಬಂದ ಪೊಲೀಸಪ್ಪನೂ ದೋಸ್ತ. ಮುರಿದ ಕೊಡೆ ವಾಪಸ್ ತಂದು ಜಗಳಕ್ಕೆ ನಿಂತವನನ್ನೂ ‘ಅಣ್ಣಾ’ ಎನ್ನುವ ವ್ಯಾಪಾರಿ ನಾನು; ಇವನು ಗಿರಾಕಿಗೆ ಹಚ್ಚಲು ಹೊಸ ಬೆಣ್ಣೆ ಕಂಡುಕೊಂಡ ಅಂದುಕೊಂಡೆ.

ಬೀದಿ ಕೊನೆಯ ಮನೆಯ ಮೇಷ್ಟ್ರು ಮಾತ್ರ ಬಿಡಲಿಲ್ಲ. “ದೋಸ್ತ ಅನ್ನೋದು ಪಾರಸಿ ಮಾತು ಕಣಯ್ಯಾ, ಎಷ್ಟು ದೂರದಿಂದ ನಡ್ಕೊಂಡು ಬಂದಿದೆ ಗೊತ್ತಾ? ನಮ್ಮಲ್ಲೇ ಗುರು, ಮಗಾ ಎಲ್ಲ ಇಲ್ವಾ?”

“ನಿಮ್ಮನ್ನ ಮಗಾ ಅಂದ್ರೆ ಸುಮ್ನಿರ್ತೀರಾ?” ಅಂದ ಇವನು. “ದೋಸ್ತ ಅಂದ್ರೆ ಯಾರೂ ಬೇಡ ಅನ್ನಲ್ಲ.”

ಮೇಷ್ಟ್ರು ನಕ್ಕು ಹೋದರು. ಆ ಮಾತು ಈ ಬಾಯಿಗೆ ಎಲ್ಲಿಂದ ಬಂತೆಂದು ಅವರಿಗೂ ಹೊಳೆಯಲಿಲ್ಲ.

ನನಗೆ ಹೊಳೆದದ್ದು, ಇವನು ತಪ್ಪಿ ಕೊಟ್ಟ ಬೇರೆಯವರ ಪ್ಯಾಂಟು ಹಿಡಿದು ಕ್ಷೌರದಂಗಡಿಯವನು ವಾಪಸ್ ಬಂದಾಗ. “ಏನ್ ದೋಸ್ತಾ, ಇದರಲ್ಲಿ ನಾನೂ ನನ್ನ ಹೆಂಡ್ತೀನೂ ಒಟ್ಟಿಗೆ ಹಿಡೀತೀವಿ!” ಬೀದಿಯೆಲ್ಲ ನಕ್ಕಿತು. ಇಸ್ತ್ರಿಯವನೂ ನಕ್ಕ, ಎಲ್ಲರಿಗಿಂತ ತುಸು ತಡವಾಗಿ.

ಮರುದಿನದಿಂದ ಅವನ ಹೆಂಡತಿ ಅಂಗಡಿ ಬಾಗಿಲಲ್ಲೇ ಕೂತಳು. ದೂರದಲ್ಲಿ ಯಾರೇ ಕಂಡರೂ ಕೂಗುವಳು: “ಬನ್ನಿ ಡಾಕ್ಟ್ರೇ, ನಿಮ್ಮ ಬಿಳಿ ಕೋಟು ಆಗಿದೆ!” ಒಳಗಿನಿಂದ ಬಿಳಿ ಕೋಟು ಹೊರಗೆ ಬರುತ್ತಿತ್ತು. ವ್ಯಾಪಾರ ಸರಾಗವಾಗಿ ನಡೆಯಿತು.

“ಎಷ್ಟು ದಿನ ತಂಗೀ ಹೀಗೆ?” ಎಂದೆ.

“ಮನೇಲಿ ಇವರು ನನ್ನನ್ನ ಇನ್ನೂ ಗುಬ್ಬಿ ಅಂತಾರೆ ಅಣ್ಣಾ. ಮದುವೆ ಆದಾಗಿಂದ ಹಾಗೇ ಕರೆಯೋದು. ಅದೊಂದು ಇರೋವರೆಗೂ ನಡೆಸ್ತೀನಿ.” ಮಡಿಸಿದ ಬಟ್ಟೆಯ ಗಂಟು ಬಿಗಿಯುತ್ತ ಹೇಳಿದಳು: “ಅದೂ ಹೋದ್ರೆ ಬಾಗಿಲು ಹಾಕ್ತೀನಿ. ನನ್ನೇ ಗುರುತು ಹಿಡೀದೆ ಇರೋರ ಕೈಗೆ ಕೆಂಡ ಹೇಗೆ ಕೊಡ್ಲಿ?”

ಆಮೇಲೆ ನಾನು ಕೊಡೆಯ ಕಡ್ಡಿ ಕಟ್ಟುತ್ತ ಕಿವಿಯನ್ನು ಎದುರಂಗಡಿಯಲ್ಲೇ ಇಟ್ಟಿರುತ್ತಿದ್ದೆ. ಗುಬ್ಬಿ ಎಂದು ಕೇಳಿದ ದಿನ ನನ್ನ ವ್ಯಾಪಾರವೂ ಪರವಾಗಿಲ್ಲ ಅನಿಸುತ್ತಿತ್ತು.

ಕಳೆದ ವಾರ ಕೆಂಡದ ಸೆಕೆಗೆ ಅವಳು ತನ್ನ ಬೂದು ಶಾಲು ತೆಗೆದು ಮೇಜಿನ ಮೇಲಿಟ್ಟಿದ್ದಳು. ಅವನು ಅದಕ್ಕೆ ನೀರು ಚಿಮುಕಿಸಿ, ಒಂದು ಸುಕ್ಕೂ ಉಳಿಯದಂತೆ ಇಸ್ತ್ರಿ ಮಾಡಿ, ಮಡಿಸಿ, ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ.

“ತಗೋ ದೋಸ್ತ. ಅಂಚು ಸವೆದಿದೆ, ಜೋಪಾನ. ಯಾರ ಮನೇದು ಇದು?”

ಅವಳು ನನ್ನತ್ತ ನೋಡಿದಳು. ನಾನು ಸರಿಯಿದ್ದ ಕೊಡೆಯೊಂದನ್ನು ಬಿಚ್ಚಿ ಅದರ ಹಿಂದೆ ಕೂತೆ.

“ನಿಮ್ಮನೇದೇ,” ಅಂದಳು.

“ಒಳ್ಳೇ ತಮಾಷೆ ಮಾಡ್ತೀಯ ದೋಸ್ತ,” ಎಂದು ಅವನು ಮನಸಾರೆ ನಕ್ಕ. “ಬರ್ತಾ ಇರು. ಅಂಗಡಿ ಯಾವಾಗ್ಲೂ ತೆಗೆದೇ ಇರುತ್ತೆ.”

ಅವಳು ಶಾಲು ಹೊದ್ದುಕೊಂಡಳು. ಇಸ್ತ್ರಿಪೆಟ್ಟಿಗೆಯ ಕೆಂಡವನ್ನು ಚರಂಡಿಗೆ ಸುರಿದು, ಬಟ್ಟೆಗೆ ಚಿಮುಕಿಸುವ ಚೊಂಬಿನ ನೀರನ್ನು ಅದರ ಮೇಲೆ ಪೂರ್ತಿ ಹೊಯ್ದಳು.