ಭಾವನ ಕ್ಯಾಮೆರಾದ ಗೀರು

ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ಬಿಸಿಲಪ್ಪ ಎಂದೇ ಕರೆಯುವುದು. ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿದೆ. ಹಗಲೆಲ್ಲ ಕಿಟಕಿಗೆ ಕಪ್ಪು ಪರದೆ ಎಳೆದುಕೊಂಡು, ಒಳಗೆ ಕೂತು ಬಿಸಿಲು ತಯಾರಿಸುವವನನ್ನು ಮತ್ತೇನೆಂದು ಕರೆಯಬೇಕು?

ಅವನ ಕೆಲಸ ಹೇಳುವುದಕ್ಕೆ ಸುಲಭ. ಸಿನಿಮಾದವರು ಇಲ್ಲದ ಊರನ್ನು, ಇಲ್ಲದ ವಿಮಾನವನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ಎಲ್ಲವೂ ಚೊಕ್ಕವಾಗಿರುತ್ತದೆ, ಅದೇ ತೊಂದರೆ. ನೋಡುವ ಕಣ್ಣು ಅದನ್ನು ನಂಬುವುದಿಲ್ಲ. ನಿಜವಾದ ಕ್ಯಾಮೆರಾವನ್ನು ಸೂರ್ಯನ ಕಡೆ ತಿರುಗಿಸಿದರೆ ಬೆಳಕು ಸುಮ್ಮನೆ ಒಳಗೆ ಬರುವುದಿಲ್ಲ. ಲೆನ್ಸಿನೊಳಗೆ ಒಂದರ ಹಿಂದೊಂದು ಗಾಜುಗಳಿರುತ್ತವೆ. ಒಂದಿಷ್ಟು ಬೆಳಕು ಒಂದು ಗಾಜಿಗೆ ಬಡಿದು ಹಿಂದಕ್ಕೆ ಹೋಗಿ, ಇನ್ನೊಂದಕ್ಕೆ ತಾಗಿ ಮತ್ತೆ ಮುಂದಕ್ಕೆ ಬರುತ್ತದೆ. ಹೀಗೆ ದಾರಿ ತಪ್ಪಿದ ಬೆಳಕು ಚಿತ್ರದ ಮೇಲೆ ಬಣ್ಣದ ಬಿಲ್ಲೆಗಳಾಗಿಯೋ ಮಬ್ಬಾಗಿಯೋ ಬೀಳುತ್ತದೆ. ಸೂರ್ಯ ಎಡಕ್ಕೆ ಸರಿದರೆ ಬಿಲ್ಲೆಗಳ ಸಾಲು ಬಲಕ್ಕೆ ಸರಿಯುತ್ತದೆ. ಲೆಕ್ಕಕ್ಕೆ ಇದು ಲೆನ್ಸಿನ ದೋಷ. ಬಿಸಿಲಪ್ಪ ಆ ದೋಷವನ್ನೇ ಮಾಡಿ ಚಿತ್ರಕ್ಕೆ ಹಚ್ಚುತ್ತಾನೆ.

"ಇದನ್ನ ನೋಡಿದ್ರೆ ಜನಕ್ಕೆ ಏನನ್ಸುತ್ತೆ ಗೊತ್ತಾ? ಅಲ್ಲೊಂದು ಕ್ಯಾಮೆರಾ ಇತ್ತು, ಅದರ ಹಿಂದೆ ಒಬ್ಬ ಮನುಷ್ಯ ನಿಂತಿದ್ದ ಅಂತ," ಎಂದು ಹೊಸದಾಗಿ ಸೇರಿದವರಿಗೆಲ್ಲ ಪಾಠ ಮಾಡುವುದೂ ಅವನೇ.

ಇಂಥ ಪಂಡಿತ ಮನೆಯಲ್ಲಿ ಮಾತ್ರ ಭಾವನನ್ನು ಗೇಲಿ ಮಾಡುತ್ತಿದ್ದ. ಅಕ್ಕನ ಗಂಡನದು ಸೈಕಲ್ ರಿಪೇರಿ ಅಂಗಡಿ. ಅವರ ಹೆಬ್ಬೆಟ್ಟಿನ ಗ್ರೀಸು ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಅವರ ಹತ್ತಿರ ಒಂದು ಸಣ್ಣ ಕ್ಯಾಮೆರಾ ಇತ್ತು, ಅದೆಂದರೆ ಅವರಿಗೆ ಪ್ರಾಣ. ವಿಡಿಯೋ ತೆಗೆಯುವ ಮೊದಲು ಲೆನ್ಸನ್ನು ಆ ಹೆಬ್ಬೆಟ್ಟಿನಿಂದಲೇ ಓರೆಯಾಗಿ ಒಮ್ಮೆ ಒರೆಸಿ, ನೇರ ಬಿಸಿಲಿಗೆ ಹಿಡಿಯುತ್ತಿದ್ದರು. ಜಿಡ್ಡು ಬಳಿದ ದಿಕ್ಕಿಗೆ ಅಡ್ಡಲಾಗಿ ಬೆಳಕಿನ ಒಂದು ಉದ್ದ ಗೀರು ಎಲ್ಲರ ಮುಖದ ಮೇಲೂ ಹಾಯುತ್ತಿತ್ತು.

"ಭಾವ, ಇದು ಲೆನ್ಸೋ, ಬಾಣಲೆಯೋ?" ಎಂದು ಬಿಸಿಲಪ್ಪ ಕೇಳುತ್ತಿದ್ದ.

"ಹೋಗ್ಲಿ ಬಿಡೋ, ಮುಖ ಕಾಣುತ್ತಲ್ಲ," ಎಂದು ಭಾವ ನಗುತ್ತಿದ್ದರು.

ಹೀಗಿರುವಾಗ ಒಂದು ಸಿನಿಮಾದ ಸಂಜೆಯ ದೃಶ್ಯ ಕೈಗೆ ಬಂತು. ಏನು ಹಚ್ಚಿದರೂ ನಿರ್ದೇಶಕರು ಮೂಗು ಮುರಿಯುತ್ತಿದ್ದರು. ದಿಕ್ಕು ತೋಚದ ಬಿಸಿಲಪ್ಪ "ಸ್ವಲ್ಪ ನೋಡಿ ಕೊಡ್ತೀನಿ ಭಾವ" ಎಂದು ಅದೇ ಬಾಣಲೆಯನ್ನು ಸ್ಟುಡಿಯೋಗೆ ಒಯ್ದ. ಕತ್ತಲೆ ಮಾಡಿದ ಕೋಣೆಯಲ್ಲಿ ಅದರ ಮುಂದೆ ಟಾರ್ಚನ್ನು ಮೆಲ್ಲಗೆ ಆಚೀಚೆ ಸರಿಸಿ, ಗೀರು ಮೂಡುವುದನ್ನೂ ಓಡುವುದನ್ನೂ ಹಿಡಿದುಕೊಂಡ. ಅದನ್ನೇ ತಂದು ದೃಶ್ಯದ ಮೇಲೆ ಕೂರಿಸಿದ. ನಿರ್ದೇಶಕರು ಎದ್ದು ಬಂದು ಬೆನ್ನು ತಟ್ಟಿದರು.

"ಎಲ್ಲಿಂದ ಹಿಡಿದ್ರಿ ಇದನ್ನ?"

"ನನ್ನದೇ ಒಂದು ಲೆಕ್ಕಾಚಾರ, ಸಾರ್," ಎಂದ ಬಿಸಿಲಪ್ಪ. ಆ ಹೆಸರು ಅವನಿಗೆ ಬಿದ್ದದ್ದೇ ಆಮೇಲೆ.

ಈ ವರ್ಷ ಭಾವ ತೀರಿಕೊಂಡರು. ಅಂಗಡಿಯಲ್ಲೇ, ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಅಕ್ಕ ಕ್ಯಾಮೆರಾವನ್ನು ತಮ್ಮನ ಕೈಗಿಟ್ಟು, "ಅವ್ರು ತೆಗ್ದಿದ್ದನ್ನೆಲ್ಲ ಒಂದು ಕಡೆ ಜೋಡ್ಸಿ ಕೊಡೋ. ನೆಂಟರೆಲ್ಲ ಬಂದಾಗ ನೋಡೋಣ," ಎಂದಳು.

ದುಃಖದಲ್ಲಿ ಏನು ಮಾಡಬೇಕೆಂದು ತಿಳಿಯದವನು ತನಗೆ ಬರುವ ಕೆಲಸವನ್ನೇ ಮಾಡುತ್ತಾನೆ. ಬಿಸಿಲಪ್ಪ ಊಟ ನಿದ್ದೆ ಬಿಟ್ಟು ಪ್ರತಿ ಮುಖದ ಮೇಲಿನ ಗೀರನ್ನೂ ಅಳಿಸಿದ. ಕ್ಯಾಮೆರಾವನ್ನು ಕೊಳಕಾಗಿ ವಾಪಸು ಕೊಡುವುದು ಅವನ ಕಸುಬಿಗೆ ಅವಮಾನ. ಹಾಗಾಗಿ ಲೆನ್ಸನ್ನೂ ಚೆನ್ನಾಗಿ ಒರೆಸಿ ಫಳಫಳ ಹೊಳೆಯುವಂತೆ ಮಾಡಿದ. ಅದರ ಮೇಲಿದ್ದದ್ದು ಭಾವ ಕೊನೆಯ ಸಲ ಒರೆಸಿದ ಗುರುತು ಎಂಬುದು ಆ ಬುದ್ಧಿವಂತನಿಗೆ ಹೊಳೆಯಲೇ ಇಲ್ಲ.

ಅಕ್ಕನ ಮನೆಯಲ್ಲಿ ಎಲ್ಲರೂ ಟಿವಿಯ ಮುಂದೆ ಕೂತರು. "ನಿನ್ನೆ ತೆಗ್ದ ಹಾಗಿದೆ," ಎಂದು ಚಿಕ್ಕಪ್ಪ ಹೊಗಳಿದರು. ವಿಡಿಯೋ ಮುಗಿದ ಮೇಲೆ ಅಕ್ಕ ತಮ್ಮನ ಕಡೆ ತಿರುಗಿದಳು.

"ಇದ್ರಲ್ಲಿ ಅವ್ರು ಎಲ್ಲಿದಾರೋ?" ಎಂದು ಕೇಳಿದಳು.

"ಭಾವ ಕ್ಯಾಮೆರಾ ಹಿಂದೆ ಇರ್ತಿದ್ರಲ್ಲಕ್ಕ. ಯಾವುದ್ರಲ್ಲೂ ಇಲ್ಲ."

"ಇದ್ರು ಕಣೋ. ಆ ಗೀರು ಬಂದ ತಕ್ಷಣ ಅವ್ರು ಅಲ್ಲೇ ನಿಂತಿದಾರೆ ಅಂತ ಗೊತ್ತಾಗ್ತಿತ್ತು. ಅದೆಲ್ಲಿ ಹೋಯ್ತು?"

ಹೊಸಬರಿಗೆ ತಾನು ಹೇಳುತ್ತಿದ್ದ ಪಾಠವನ್ನೇ ಅಕ್ಕ ಅವನಿಗೆ ಹೇಳಿದ್ದಳು. ತಿದ್ದದ ಪ್ರತಿ ಹಾಗೇ ಇದೆ, ನಾಳೆಯೇ ತಂದು ಕೊಡುತ್ತೇನೆ ಎಂದು ತೊದಲಿದ. ಅಕ್ಕ ಕ್ಯಾಮೆರಾ ತೆಗೆದು ಕಿಟಕಿಯ ಬಿಸಿಲಿಗೆ ಹಿಡಿದಳು. ಅವಳಿಗೆ ಏನು ಕಾಣುತ್ತದೆ ಎಂದು ಅವನಿಗೆ ಗೊತ್ತಿತ್ತು, ತಡೆಯುವ ಧೈರ್ಯ ಇರಲಿಲ್ಲ.

"ಒರೆಸಿಬಿಟ್ಯಾ?" ಎಂದಳು ಅಕ್ಕ. ಬೈಯಲಿಲ್ಲ. ಬೈದಿದ್ದರೆ ಅವನು ಎಷ್ಟೋ ಬದುಕಿಕೊಳ್ಳುತ್ತಿದ್ದ.

ನೆಂಟರು ಹೋದ ಮೇಲೆ ಅವನು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. "ಅಕ್ಕ, ಆ ಸಿನಿಮಾದಲ್ಲಿ ಸಂಜೆ ಬಿಸಿಲು ಬರುತ್ತಲ್ಲ, ಅದು ಭಾವನ ಹೆಬ್ಬೆಟ್ಟಿಂದು. ನಾನು ಯಾರಿಗೂ ಹೇಳ್ಲಿಲ್ಲ. ನನ್ನದೇ ಅಂದೆ."

ಅಕ್ಕ ಲೋಟ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು. ಥಿಯೇಟರಲ್ಲೇ ನನ್ನ ತಿವಿದು, 'ನೋಡೇ, ನನ್ನ ಜಿಡ್ಡು' ಅಂದ್ರು. ಎಷ್ಟು ಖುಷಿ ಆಗಿತ್ತು ಅವರಿಗೆ."

"ಮತ್ತೆ ನನ್ನನ್ನ ಒಂದು ಮಾತೂ ಕೇಳ್ಲಿಲ್ವಲ್ಲ."

"ನಾನು ಕೇಳ್ತೀನಿ ಅಂದೆ. ಬೇಡ, ಅವನೇ ಹೇಳ್ತಾನೆ ಅಂದ್ರು. ನೀನು ಬಂದಾಗೆಲ್ಲ, ಇವತ್ತು ಹೇಳ್ತಾನೆ ಅಂತ ಕೈಯಲ್ಲಿ ಕ್ಯಾಮೆರಾ ಹಿಡ್ಕೊಂಡು ನಿನ್ನ ಎದುರಿಗೇ ಬಂದು ಕೂರ್ತಿದ್ರು."

ಬಿಸಿಲಪ್ಪನಿಗೆ ನೆನಪಾಯಿತು. ಭಾವ ಹಾಗೆ ಎದುರಿಗೆ ಬಂದು ಕೂತಾಗಲೆಲ್ಲ ಅವನು ಬಾಣಲೆಯ ಮಾತನ್ನೇ ಆಡಿದ್ದ.